ಕೊಕ್ಕೆಗೆ ತೂಗಿದ ಪೆಂಡೆಂಟ್

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ಅವನು ಪೆಂಡೆಂಟಪ್ಪ. ಹೆಂಗಸರ ಸರದಲ್ಲಿ ತೂಗುವ ಪೆಂಡೆಂಟಿಗೂ ಇದಕ್ಕೂ ಯಾವ ನಂಟೂ ಇಲ್ಲ, ಎರಡೂ ಕೊರಳಲ್ಲೇ ತೂಗುತ್ತವೆ ಅನ್ನುವುದೊಂದನ್ನು ಬಿಟ್ಟರೆ. ದೊಡ್ಡ ಯಂತ್ರಕ್ಕೆ ವೈರಿನಿಂದ ಚುಚ್ಚಿ, ಕೈಯಲ್ಲಿ ಹಿಡಿದು, ಯಂತ್ರದ ಪಕ್ಕದಲ್ಲೇ ನಿಂತು ಅದನ್ನು ಇಂಚಿಂಚಾಗಿ ಓಡಿಸುವ ಪೆಟ್ಟಿಗೆ ಅದು. ಮುಂದುಗಡೆ ಒಂದು ಪರದೆ, ಪರದೆಯ ಕೆಳಗೆ ಗುಂಡಿಗಳ ಸಾಲು, ಹಿಂದೆ ಬೆರಳಿಗೆ ಸಿಗುವಂತೆ ಒಂದು ಹಿಡಿ, ಮೇಲೆ ಬಲಗಡೆ, ಒತ್ತಿದರೆ ಯಂತ್ರವನ್ನು ಥಟ್ಟನೆ ನಿಲ್ಲಿಸುವ, ಟೊಮ್ಯಾಟೊ ಗಾತ್ರದ ಕೆಂಪು ಗುಂಡಿ. ಹಿಡಿಯನ್ನು ಹದವಾಗಿ ಒತ್ತಿದರೆ ಮಾತ್ರ ಯಂತ್ರ ಹೊರಳುತ್ತದೆ. ಕೈ ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಹಿಸುಕಿದರೂ ನಿಲ್ಲುತ್ತದೆ. "ಸಂಸಾರ ಇದ್ದ ಹಾಗೆ ಕಣಪ್ಪ" ಎಂದು ಹೊಸಬರಿಗೆ ಅವನು ಹೇಳಿಕೊಡುತ್ತಿದ್ದ, "ಬಿಗಿ ಹಿಡಿದ್ರೂ ಕೆಟ್ಟಿತು, ಸಡಿಲ ಬಿಟ್ರೂ ಕೆಟ್ಟಿತು." ಟಿವಿ ರಿಮೋಟಿಗೆ ಸೆಲ್ಲನ್ನು ತಿರುಗುಮುರುಗಾಗಿ ಹಾಕಿ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುವ ನಮ್ಮಂಥವರಿಗೆ ಇದೆಲ್ಲ ಇಂದ್ರಜಾಲವೇ.

ಆ ಯಂತ್ರ ಈ ತುದಿಯಿಂದ ಆ ತುದಿಗೆ ನೂರಿಪ್ಪತ್ತು ಹೆಜ್ಜೆ. ಒಂದು ಕಡೆ ಕಾಗದದ ಸುರುಳಿ ಒಳಗೆ ಹೋಗಿ, ಕಾದ ರೋಲರುಗಳ ನಡುವೆ ಅಲೆಅಲೆಯಾಗಿ ಮಡಚಿಕೊಂಡು, ಅಂಟು ಹಚ್ಚಿಸಿಕೊಂಡು, ಇನ್ನೊಂದು ಕಡೆ ರಟ್ಟಾಗಿ ಹೊರಬರುತ್ತದೆ. ಉದ್ದಕ್ಕೂ ಐದು ಕಡೆ ಗೋಡೆಯ ಎತ್ತರಕ್ಕೆ ಸಾಕೆಟ್ಟಿನ ಡಬ್ಬಿಗಳು. ಪೆಂಡೆಂಟ್ ಮಾತ್ರ ಒಂದೇ. ಎಲ್ಲಿ ಕೆಲಸವೋ ಅಲ್ಲಿಯ ಡಬ್ಬಿಗೆ ಅದನ್ನು ಚುಚ್ಚಬೇಕು. ಕಿತ್ತ ಕಡೆ ಸಾಕೆಟ್ ಬಾಯಿ ತೆರೆದುಕೊಂಡಿದ್ದರೆ ಯಂತ್ರ ಮುನಿಸಿಕೊಂಡು ನಿಂತುಬಿಡುತ್ತದೆ. ಆದ್ದರಿಂದ ಅಲ್ಲಿ ಡಮ್ಮಿ ಎನ್ನುವ ಮೊಂಡು ಪ್ಲಗ್ಗನ್ನು ತಿರುಗಿಸಿ ಕೂರಿಸಬೇಕು, ಅಳುವ ಮಗುವಿನ ಬಾಯಿಗೆ ರಬ್ಬರು ಚೀಪು ಕೊಟ್ಟ ಹಾಗೆ. ಆಮೇಲೆ ಯಂತ್ರ ಪೆಂಡೆಂಟಿನ ಹಂಗಿಲ್ಲದೆ ತನ್ನ ಪಾಡಿಗೆ ತಾನು ಓಡುತ್ತದೆ.

ಕಿತ್ತ ಪೆಂಡೆಂಟಿಗೆ ಇರುವುದು ಒಂದೇ ಜಾಗ: ವಿದ್ಯುತ್ ಕೋಣೆಯ ಕಬ್ಬಿಣದ ಬೀರು. ಅದಕ್ಕೆ ಬೀಗ, ಬೀಗದ ಕೈ ಪೆಂಡೆಂಟಪ್ಪನ ಸೊಂಟದಲ್ಲಿ. ಯಾಕೆ ಅಂತ ಬೀರುವಿನ ಬಾಗಿಲಿಗೇ ಬರೆದು ಅಂಟಿಸಿದ್ದರು. ಪ್ಲಗ್ ಕಿತ್ತ ಮೇಲೆ ಅದರ ಕೆಂಪು ಗುಂಡಿ ಬರೀ ತೋರಿಕೆ. ನೋಡಲು ಅದೇ ಕೆಂಪು, ಒತ್ತಿದರೆ ಅದೇ ಟಕ್ ಎನ್ನುವ ಸದ್ದು, ಆದರೆ ಯಂತ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ಪ್ರಾಣಾಪಾಯದ ಹೊತ್ತಿನಲ್ಲಿ ಯಾರಾದರೂ ಅದನ್ನು ನಂಬಿ ಒತ್ತಿಬಿಟ್ಟರೆ ಗತಿಯೇನು? ಆದ್ದರಿಂದ ಅದು ಕಣ್ಣಿಗೇ ಬೀಳಬಾರದು.

ಈ ನಿಯಮವನ್ನು ಪೆಂಡೆಂಟಪ್ಪನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಇಲ್ಲ. ಕಿತ್ತದ್ದನ್ನು ಬೀರುವಿಗೆ ಸೇರಿಸುವವರೆಗೆ ಕೊರಳಿನಿಂದ ಇಳಿಸುತ್ತಿರಲಿಲ್ಲ. ಅವಸರವಾದರೆ ಶೌಚಕ್ಕೂ ಅದನ್ನು ಹೊತ್ತೇ ಹೋಗುತ್ತಿದ್ದ. ಕಾರ್ಖಾನೆಗೆಲ್ಲ ಅಡ್ಡಹೆಸರು ಇಡುವ ಗುತ್ತಿಗೆ ಹಿಡಿದಿದ್ದ ರೋಲರ್ ಮೇಸ್ತ್ರಿ ಬಾಗಿಲಾಚೆಯಿಂದ ಕೂಗುತ್ತಿದ್ದ: "ಅಣ್ಣಾ, ಒಳಗೂ ಅದಕ್ಕೊಂದು ಸಾಕೆಟ್ ಹಾಕಿಸಿದಾರಾ?" ಅವನ ಜಾಗರೂಕತೆಗೆ ನಾಲ್ಕು ಸಲ ಸುರಕ್ಷತೆಯ ಪ್ರಶಸ್ತಿಪತ್ರ ಬಂದಿತ್ತು. ನಾಲ್ಕನ್ನೂ ಅವನು ಮನೆಯ ಅಟ್ಟದಲ್ಲಿ ಹಳೆಯ ಹಾಸಿಗೆಯ ಕೆಳಗೆ ತುರುಕಿದ್ದ. "ಎಂಥ ವಿನಯ!" ಎಂದು ಮ್ಯಾನೇಜರ್ ಹೊಗಳಿದ್ದೂ ಆಗಿತ್ತು.

ಅದು ವಿನಯವಾಗಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವನು ಅಷ್ಟು ಜಾಗರೂಕನೂ ಆಗಿರಲಿಲ್ಲ.

ಆವತ್ತು ಸಂಜೆ ನಾಲ್ಕು ಗಂಟೆ. ಅಂಟು ಹಚ್ಚುವ ಕಡೆಯ ಮೂರನೇ ಡಬ್ಬಿಗೆ ಚುಚ್ಚಿ ಕಾಗದ ಸರಿಪಡಿಸಿದ್ದು ಮುಗಿದಿತ್ತು. ಪ್ಲಗ್ ಕಿತ್ತ, ಡಮ್ಮಿ ಕೂರಿಸಿದ, ಯಂತ್ರ ಪೂರ್ತಿ ವೇಗಕ್ಕೆ ಏರಿತು. ಬೀರು ಇದ್ದದ್ದು ಅಲ್ಲಿಂದ ಎಪ್ಪತ್ತು ಹೆಜ್ಜೆ ಆಚೆ. ಚಹಾದ ಗಾಡಿ ಇದ್ದದ್ದು ಐದೇ ಹೆಜ್ಜೆ ಈಚೆ. ಪೆಂಡೆಂಟ್ ಕೊರಳಲ್ಲಿದ್ದರೆ ಬಗ್ಗಿ ಲೋಟ ಹಿಡಿಯಲು ಆಗುವುದಿಲ್ಲ. ಪಕ್ಕದ ಕಂಬಿಯಲ್ಲಿ ಒಂದು ಕೊಕ್ಕೆ ಇತ್ತು, ಅದಕ್ಕೆ ತೂಗುಹಾಕಿದ. ಒಂದು ಲೋಟ ಚಹಾ, ಅಷ್ಟೇ. ಕುಡಿದು ಹೋಗಿ ಬೀರುವಿಗೆ ಇಟ್ಟರಾಯಿತು.

ಅರ್ಧ ಲೋಟ ಆಗಿತ್ತು, ಕಿರುಚಾಟ ಕೇಳಿಸಿತು. ಅಂಟಿನ ತೊಟ್ಟಿ ಒರೆಸುತ್ತಿದ್ದವನ ಬಟ್ಟೆಯ ತುದಿಯನ್ನು ರೋಲರು ಕಚ್ಚಿಕೊಂಡಿತ್ತು, ಬಟ್ಟೆಯ ಹಿಂದೆಯೇ ಕೈಯನ್ನೂ ಎಳೆದುಕೊಳ್ಳುತ್ತಿತ್ತು. ಪಕ್ಕದಲ್ಲೇ ರಟ್ಟಿನ ಕಟ್ಟು ಕಟ್ಟುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ. ಅವಳೇ ಹಿಂದಿನ ವರ್ಷ ಮ್ಯಾನೇಜರನ ಬಾಗಿಲಿಗೆ ನಾಲ್ಕು ಸಲ ಅಲೆದು ತಮ್ಮನಿಗೆ ಆ ಕೆಲಸ ಕೊಡಿಸಿದ್ದಳು. ಓಡಿ ಬಂದಳು. ಯಂತ್ರ ನಿಲ್ಲಿಸಲೆಂದು ಕಂಬಕ್ಕೆ ಕೂರಿಸಿದ್ದ ಕೆಂಪು ಗುಂಡಿ ಹತ್ತು ಹೆಜ್ಜೆ ದೂರ. ಕೊಕ್ಕೆಗೆ ತೂಗಿದ ಪೆಂಡೆಂಟಿನ ಕೆಂಪು ಗುಂಡಿ ಕೈಗೆಟುಕುವಷ್ಟು ಹತ್ತಿರ. ಯಾರಾದರೂ ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಹತ್ತಿರದ್ದನ್ನು ಒತ್ತಿದಳು. ಯಂತ್ರ ನಿಲ್ಲಲಿಲ್ಲ. ಮತ್ತೆ ಅಂಗೈಯಿಂದ ಗುದ್ದಿದಳು. ನಿಲ್ಲಲಿಲ್ಲ. ಕೊನೆಗೆ ರೋಲರ್ ಮೇಸ್ತ್ರಿ ಆ ತುದಿಯಿಂದ ಓಡಿಬಂದು ಕಂಬದ ಗುಂಡಿಗೆ ಹೊಡೆದ. ಅಷ್ಟರಲ್ಲಿ ಹನ್ನೊಂದು ಸೆಕೆಂಡು ಕಳೆದಿತ್ತು. ತಮ್ಮನ ಬಲಗೈ ಮೊಣಕೈವರೆಗೆ ಹೋಗಿತ್ತು.

ಎಲ್ಲರೂ ಅವನನ್ನು ಎತ್ತಿಕೊಂಡು ಗೇಟಿನ ಕಡೆ ಓಡಿದರು. ಪೆಂಡೆಂಟಪ್ಪ ಮಾತ್ರ ಕೊಕ್ಕೆಯ ಹತ್ತಿರ ನಿಂತಿದ್ದ. ಕೆಂಪು ಗುಂಡಿ ಒಳಗೆ ಹೋಗಿ ಅಲ್ಲೇ ಕಚ್ಚಿ ಕೂತಿತ್ತು. ಆ ಗುಂಡಿಯ ಜಾಯಮಾನವೇ ಹಾಗೆ. ಪೂರ್ತಿ ಒತ್ತಿದರೆ ಮಾತ್ರ ಕಚ್ಚಿಕೊಳ್ಳುತ್ತದೆ, ಮತ್ತೆ ತಿರುಗಿಸಿದರೇ ಮೇಲೆ ಬರುವುದು. ಅಂದರೆ ಅವಳು ಪೂರ್ತಿಯಾಗಿ, ಸರಿಯಾಗಿ, ಮೊದಲನೇ ಸಲವೇ ಒತ್ತಿದ್ದಳು. ಅದನ್ನು ನೋಡಿದವನು ಭೂಮಿಯ ಮೇಲೆ ಅವನೊಬ್ಬನೇ.

ಅವನ ಕೈ ಗುಂಡಿಯನ್ನು ತಿರುಗಿಸಿತು. ಅದು ಮೇಲೆ ಚಿಮ್ಮಿತು. ಕೈ ಡಮ್ಮಿಯನ್ನು ಬಿಚ್ಚಿತು, ಪ್ಲಗ್ಗನ್ನು ಮೂರನೇ ಡಬ್ಬಿಗೆ ಚುಚ್ಚಿತು. ಇಪ್ಪತ್ತು ವರ್ಷ ಮಾಡಿದ ಕೆಲಸ, ಕಣ್ಣು ಮುಚ್ಚಿಯೂ ಮಾಡಬಹುದಾದ ಕೆಲಸ. ಮಾಡಿದ್ದು ಕೈ. ಆಮೇಲೆ ತಲೆ ಕೂತು ಕೈಯ ಪರವಾಗಿ ವಕಾಲತ್ತು ನಡೆಸಿತು, ಹನ್ನೊಂದು ವರ್ಷ.

ಮರುದಿನ ತನಿಖೆಯವರು ಬಂದರು. ಪೆಂಡೆಂಟ್ ಚುಚ್ಚಿಕೊಂಡೇ ಇತ್ತು. ಒತ್ತಿ ನೋಡಿದರು, ಯಂತ್ರ ಥಟ್ಟನೆ ನಿಂತಿತು. "ಇದು ಸರಿಯಾಗಿ ಕೆಲಸ ಮಾಡುತ್ತೆ ತಾನೆ?" ಎಂದು ಅವನನ್ನು ಕೇಳಿದರು. "ಮಾಡುತ್ತೆ" ಅಂದ. "ಎಲ್ಲ ಡಬ್ಬಿಯಲ್ಲೂ?" "ಎಲ್ಲ ಡಬ್ಬಿಯಲ್ಲೂ." ಆ ಹೊತ್ತಿನಲ್ಲಿ ಚುಚ್ಚಿತ್ತೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದಕ್ಕೆಲ್ಲ ಅವನು ನಿಜವನ್ನೇ ಹೇಳಿದ.

ವರದಿಯನ್ನು ಕ್ಯಾಂಟೀನಿನಲ್ಲಿ ಎಲ್ಲರನ್ನೂ ಕೂರಿಸಿ ಓದಿದರು. "ಹತ್ತಿರವಿದ್ದ ಕೆಲಸಗಾರ್ತಿ ಗಾಬರಿಯಿಂದ ತುರ್ತು ಗುಂಡಿಯನ್ನು ಪೂರ್ತಿ ಒತ್ತಿರುವುದಿಲ್ಲ." ಅಕ್ಕ ಎದ್ದು ನಿಂತು, "ಟಕ್ ಅಂತು ಸಾರ್, ನನಗೆ ಕೇಳಿಸ್ತು" ಅಂದಳು. "ಗಾಬರೀಲಿ ಹಾಗನ್ಸುತ್ತಮ್ಮ, ಕೂತ್ಕೊಳ್ಳಿ" ಅಂದರು. ಕೂತುಕೊಂಡಳು.

ತಮ್ಮ ಆಸ್ಪತ್ರೆಯಿಂದ ಹೊರಗೆ ಬಂದ ದಿನ ಅವಳ ಮುಖ ನೋಡಿ ಒಂದೇ ಮಾತು ಹೇಳಿದ: "ಅಕ್ಕಾ, ನೀನು ಪಕ್ಕದಲ್ಲೇ ಇದ್ದೆಯಲ್ಲ." ಬೈದಿದ್ದರೆ ಅವಳೂ ತಿರುಗಿ ಬೈದು ಅತ್ತು ಹಗುರಾಗುತ್ತಿದ್ದಳೋ ಏನೋ. ಅವನು ಬೈಯಲಿಲ್ಲ. ಹೆಂಡತಿಯ ಊರಿಗೆ ಹೋದ. ಅಲ್ಲಿ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಚೀಟಿ ಹರಿದುಕೊಡುವ ಕೆಲಸ. ಪುಸ್ತಕವನ್ನು ಗಲ್ಲದ ಕೆಳಗೆ ಅದುಮಿ ಹಿಡಿದು ಎಡಗೈಯಲ್ಲಿ ಹರಿಯುತ್ತಾನಂತೆ. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ಫೋನು ವರ್ಷಕ್ಕೊಮ್ಮೆ ಆಯಿತು, ಆಮೇಲೆ ಅದೂ ಇಲ್ಲ. ಅವಳು ಮಾಡಿದರೆ ಎತ್ತುತ್ತಿರಲಿಲ್ಲ.

ಅವಳಿಗೆ ಒಂದು ಚಾಳಿ ಅಂಟಿಕೊಂಡಿತು. ಒತ್ತುವಂಥದ್ದು ಏನೇ ಇರಲಿ, ಹಾಜರಿಯ ಯಂತ್ರವಿರಲಿ, ದೀಪದ ಸ್ವಿಚ್ಚಿರಲಿ, ಯಾರದೋ ಮನೆಯ ಕರೆಗಂಟೆಯಿರಲಿ, ಎರಡು ಸಲ ಒತ್ತುತ್ತಿದ್ದಳು. ಎರಡನೆಯದು ಜೋರಾಗಿ. ರೋಲರ್ ಮೇಸ್ತ್ರಿ ಬಿಡುತ್ತಾನೆಯೇ? "ಟಕ್‌ಟಕ್ ಅಕ್ಕ" ಎಂದು ಹೆಸರಿಟ್ಟ. ನಾಲ್ಕು ವರ್ಷದಲ್ಲಿ ಆ ಹೆಸರು ಯಾಕೆ ಬಂತೆಂದು ಇಟ್ಟವನಿಗೇ ಮರೆತುಹೋಯಿತು. ಅವಳೂ ನಕ್ಕು "ಏನ್ರಿ" ಅನ್ನುತ್ತಿದ್ದಳು. ಆ ಹೆಸರನ್ನು ಬಾಯಲ್ಲಿ ಹಿಡಿಯದವನು ಪೆಂಡೆಂಟಪ್ಪ ಒಬ್ಬನೇ. ಅವನಿಗೆ ಅವಳು ತಂಗಿ. ಅವಳಿಗೆ ಅವನು ಅಣ್ಣ.

ಬರೀ ಬಾಯಿಮಾತಿನ ಅಣ್ಣನಲ್ಲ. ಅವಳ ಮನೆಯ ನೀರಿನ ಪಂಪು ಕೆಟ್ಟರೆ ಭಾನುವಾರ ಹೋಗಿ ಬಿಚ್ಚಿ ಕೂರುತ್ತಿದ್ದ. ಅವಳ ಗಂಡ ಲಾರಿ ಓಡಿಸಿಕೊಂಡು ಊರೂರು ತಿರುಗುವವನು, ಮನೆಯಲ್ಲಿ ಕಾಣುವುದೇ ಅಪರೂಪ. ಅವಳ ಮಗಳಿಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಮೂರು ವರ್ಷ ವಾರಕ್ಕೆರಡು ದಿನ ಹೇಳಿಕೊಟ್ಟ. ಅವನಿಗೂ ಅಷ್ಟಾಗಿ ಬರುತ್ತಿರಲಿಲ್ಲ. ಹಿಂದಿನ ದಿನ ತಾನೇ ಕಲಿತುಕೊಂಡು ಹೋಗುತ್ತಿದ್ದ. ಆ ಹುಡುಗಿ ಪಾಸಾದಾಗ ಅವಳಿಗಿಂತ ಇವನಿಗೇ ಹೆಚ್ಚು ಆಶ್ಚರ್ಯ. "ನಮ್ಮಣ್ಣ ನನ್ನ ಪಾಲಿಗೆ ದೇವರು ಕಣ್ರಿ" ಎಂದು ಅಕ್ಕ ಅವನ ಹೆಂಡತಿಯ ಮುಂದೆ ಹೇಳಿದಾಗ ಹೆಂಡತಿ ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ಯಾಕೆಂದರೆ ಹೆಂಡತಿಗೆ ಅವನು ನಿಜ ಹೇಳಿದ್ದ. ಎರಡನೆಯ ವರ್ಷ, ತಡೆಯಲಾರದೆ. ಕೇಳಿ ಮುಗಿಸಿ, "ನನ್ನ ಹತ್ರ ಹೇಳಿ ಏನು ಬಂತು? ಅವಳಿಗೆ ಹೇಳಿ" ಅಂದಿದ್ದಳು.

"ಹೇಳ್ತೀನಿ. ಸಮಯ ನೋಡಿ."

"ನಿಮ್ಮ ಸಮಯ ನಂಗೊತ್ತು. ಗೋಡೆಗೆ ಸುಣ್ಣ ಹೊಡೆಸ್ತೀನಿ ಅಂದು ಆರು ವರ್ಷ ಆಯ್ತು."

ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಕೇಳುತ್ತಿದ್ದಾಗಲೇ ವಾಸಿ ಇತ್ತು. ತಮ್ಮನ ಕೈ ನೆಟ್ಟಗಾಗಲಿ ಎಂದು ಒಂದಷ್ಟು ದಿನ ಮುಂದೂಡಿದ. ಹೋದ ಕೈ ನೆಟ್ಟಗಾಗುವುದು ಹೇಗೆ ಎಂದು ಹೊಳೆಯಲು ಎರಡು ವರ್ಷ ಬೇಕಾಯಿತು. ಆಮೇಲೆ ಅವಳ ಮಗಳ ಪರೀಕ್ಷೆ. ಆಮೇಲೆ ಮಗಳ ಮದುವೆ. ಆಮೇಲೆ, ಇಷ್ಟು ವರ್ಷ ಹೇಳದೆ ಈಗ ಹೇಗೆ ಹೇಳುವುದು. ಮಾತಿಗೂ ವಯಸ್ಸಾಗುತ್ತದೆ, ವಯಸ್ಸಾದಷ್ಟೂ ಮನೆಯಿಂದ ಹೊರಗೆ ಹೊರಡಿಸುವುದು ಕಷ್ಟ.

ನಿವೃತ್ತಿಗೆ ಹತ್ತು ದಿನ ಇತ್ತು. ಆವತ್ತು ಹೊಸ ಪೆಂಡೆಂಟುಗಳು ಬಂದವು.

ತಂದವಳು ಚುರುಕು ನಾಲಿಗೆಯ ಒಬ್ಬ ಇಂಜಿನಿಯರಮ್ಮ. ಮಧ್ಯಾಹ್ನದ ಪಾಳಿಯವರನ್ನೆಲ್ಲ ಮೂರನೇ ಡಬ್ಬಿಯ ಹತ್ತಿರ ಸೇರಿಸಿ ತೋರಿಸಿಕೊಟ್ಟಳು. "ನೋಡಿ, ಚುಚ್ಚಿದೀನಿ. ಗುಂಡಿ ಒಳಗಿಂದ ಕೆಂಪಗೆ ಉರೀತಿದೆ. ಈಗ ಕೀಳ್ತೀನಿ." ಕಿತ್ತಳು. ಕೆಂಪು ಆರಿತು. ಗುಂಡಿ ಬೂದಿಯ ಬಣ್ಣಕ್ಕೆ ತಿರುಗಿತು.

"ಆತ್ಮ ಹೋಯ್ತು" ಅಂದ ರೋಲರ್ ಮೇಸ್ತ್ರಿ. ಎಲ್ಲರೂ ನಕ್ಕರು.

"ಹೌದು, ಹಾಗೇ ಅಂದ್ಕೊಳ್ಳಿ. ಅಮ್ಮಾ, ನೀವು ಬನ್ನಿ, ಮುಂದೇನೇ ನಿಂತಿದೀರ. ಒತ್ತಿ ನೋಡಿ."

ಅಕ್ಕ ಬಂದು ಒತ್ತಿದಳು. ಎರಡು ಸಲ. ಮತ್ತೆ ನಗು. "ಟಕ್‌ಟಕ್ ಅಕ್ಕ, ಮೂರನೇದೂ ಕೊಡು!" ಎಂದು ಯಾರೋ ಕೂಗಿದರು.

"ನೂರು ಸಲ ಒತ್ತಿದ್ರೂ ಏನೂ ಆಗಲ್ಲಮ್ಮ" ಎಂದಳು ಇಂಜಿನಿಯರಮ್ಮ, "ಕನೆಕ್ಷನ್ನೇ ಇಲ್ಲವಲ್ಲ. ಇದರಲ್ಲಾದ್ರೆ ಬಣ್ಣ ನೋಡಿದ್ರೆ ಗೊತ್ತಾಗುತ್ತೆ. ನಿಮ್ಮ ಹಳೇದಿತ್ತಲ್ಲ, ಅದು ಕಿತ್ತಿದ್ರೂ ಕೆಂಪಗೇ ಇರ್ತಿತ್ತು. ಟಕ್ ಅಂತಾನೂ ಅನ್ನೋದು. ಯಾರಾದ್ರೂ ಮೋಸ ಹೋಗೋದೇ. ಅದಕ್ಕೇ ಬೀರೂಲಿ ಬೀಗ ಹಾಕಿಡಿ ಅನ್ನೋ ರೂಲು."

ಅಕ್ಕನ ಕೈ ಗುಂಡಿಯ ಮೇಲೆಯೇ ಇತ್ತು. ಅವಳು ಇಂಜಿನಿಯರಮ್ಮನನ್ನು ನೋಡಲಿಲ್ಲ, ಗುಂಡಿಯನ್ನೂ ನೋಡಲಿಲ್ಲ. ಕಂಬಿಯಲ್ಲಿದ್ದ ಕೊಕ್ಕೆಯನ್ನು ನೋಡಿದಳು. ಆಮೇಲೆ ಜನರ ಹಿಂದೆ ನಿಂತಿದ್ದ ಪೆಂಡೆಂಟಪ್ಪನನ್ನು. ಅವನು ತಲೆ ತಗ್ಗಿಸಿದ. ಅವಳು ತನ್ನ ಜಾಗಕ್ಕೆ ಹೋಗಿ ಪಾಳಿ ಮುಗಿಯುವ ತನಕ ಕಟ್ಟು ಕಟ್ಟಿದಳು. ಒಂದೂ ಸಡಿಲವಾಗಿರಲಿಲ್ಲ.

ಪಾಳಿ ಮುಗಿದ ಮೇಲೆ ವಿದ್ಯುತ್ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಅಣ್ಣಾ, ಒಂದು ಮಾತು ಕೇಳ್ತೀನಿ. ತಪ್ಪು ತಿಳ್ಕೋಬೇಡಿ."

"ಕೇಳಮ್ಮ."

"ಆವತ್ತು ಅದು ಚುಚ್ಚಿತ್ತಾ?"

ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಉತ್ತರ ಅಷ್ಟು ಚಿಕ್ಕದು ಎಂದು ಅವನಿಗೇ ಗೊತ್ತಿರಲಿಲ್ಲ.

"ಇಲ್ಲ."

ಅವಳು ವೈರಿನ ಸುರುಳಿಯ ಮೇಲೆ ಕೂತಳು. ಅವನು ನಿಂತೇ ಎಲ್ಲವನ್ನೂ ಹೇಳಿದ. ಚಹಾ, ಕೊಕ್ಕೆ, ಒಳಗೆ ಕಚ್ಚಿ ಕೂತಿದ್ದ ಗುಂಡಿ, ಅದನ್ನು ತಿರುಗಿಸಿದ ಕೈ. "ನೀನು ಸರಿಯಾಗೇ ಒತ್ತಿದ್ದೆ ಕಣಮ್ಮ. ಮೊದಲನೇ ಸಲಾನೇ."

"ಟಕ್ ಅಂದಿತ್ತು, ಅಲ್ವಾ?"

"ಅಂದಿರಲೇಬೇಕು."

"ನಂಗೆ ಕೇಳಿಸಿತ್ತು. ಇಲ್ಲ ಇಲ್ಲ ಅಂತ ಎಲ್ಲರೂ ಹೇಳಿ ಹೇಳಿ, ಆಮೇಲೆ ನಂಗೂ ಕೇಳಿಸಿರಲಿಲ್ಲವೇನೋ ಅನ್ನಿಸಿಬಿಡ್ತು." ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ. ಆಮೇಲೆ ಕೇಳಿದಳು: "ನಮ್ಮನೆ ಪಂಪು ರಿಪೇರಿ ಮಾಡ್ತಿದ್ರಲ್ಲ, ಅದು ಇದಕ್ಕೇನಾ?"

ಅವನು ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ.

"ಮಗಳಿಗೆ ಲೆಕ್ಕ ಹೇಳಿಕೊಟ್ಟಿದ್ದು?"

"ಮೊದಮೊದಲು ಇದಕ್ಕೇ ಅಮ್ಮ. ಆಮೇಲೆ..."

"ಆಮೇಲೆ?"

"ಆಮೇಲೆ ಯಾವುದಕ್ಕೋ ನಂಗೂ ಗೊತ್ತಿಲ್ಲ."

"ನೋಡಿ" ಅಂದಳು ಅವಳು, ಜಗಳದ ದನಿಯಲ್ಲಲ್ಲ, ಮಗುವಿಗೆ ವಿವರಿಸುವ ದನಿಯಲ್ಲಿ. "ತಮ್ಮ ಹೋದ. ಹೋಗಲಿ, ದೇವರಂಥ ಅಣ್ಣ ಒಬ್ಬ ಸಿಕ್ಕಿದಾನೆ ಅಂದ್ಕೊಂಡಿದ್ದೆ. ಈಗ ನೀವು ನಿಜ ಕೊಟ್ಟು ಆ ಅಣ್ಣನ್ನ ಕಿತ್ಕೊಂಡ್ರಿ."

ತಮ್ಮನಿಗೂ ಇದು ತಿಳಿಯಬೇಕಿತ್ತು. ಅವಳು ಹೇಳಿದರೆ ಅವನು ನಂಬುವುದಿಲ್ಲ, ನುಣುಚಿಕೊಳ್ಳಲು ಕಥೆ ಕಟ್ಟಿದ್ದಾಳೆ ಅಂದುಕೊಳ್ಳುತ್ತಾನೆ. ಅವಳ ನಂಬರಿನಿಂದ ಮಾಡಿದರೆ ಎತ್ತುವುದೂ ಇಲ್ಲ. ಪೆಂಡೆಂಟಪ್ಪ ತನ್ನ ಫೋನಿನಿಂದಲೇ ಮಾಡಿದ. ಆ ನಂಬರನ್ನು ಅವನೂ ಇಟ್ಟುಕೊಂಡಿದ್ದ, ಒಮ್ಮೆಯೂ ಒತ್ತಿರಲಿಲ್ಲ. ಆ ಕಡೆ ಸ್ಕೂಟರುಗಳ ಸದ್ದು.

"ಯಾರು?"

ಯಾರೆಂದು ಹೇಳಿದ. ಆವತ್ತಿನ ವಿಷಯ ಅಂದ.

"ಒಂದ್ನಿಮಿಷ ಇರಿ, ಗಿರಾಕಿ ಬಂದಿದಾರೆ."

ಒಂದು ನಿಮಿಷ ಅಲ್ಲ, ನಾಲ್ಕು ನಿಮಿಷ. ಹನ್ನೊಂದು ವರ್ಷ ಕಾಯಿಸಿದವನಿಗೆ ಅಷ್ಟೂ ಕಾಯಲಾಗದೆ ಅಂಗಿ ಬೆವರಿನಲ್ಲಿ ಒದ್ದೆಯಾಯಿತು. ಚೀಟಿ ಹರಿಯುವ ಸದ್ದು ಸ್ಪಷ್ಟವಾಗಿ ಕೇಳಿಸುತ್ತಿತ್ತು. "ಈಗ ಹೇಳಿ" ಎಂದ ಮೇಲೆ ಹೇಳಿದ.

"ಅಕ್ಕನಿಗೆ ಯಾವಾಗ ಗೊತ್ತಾಯ್ತು?"

"ಈಗ ತಾನೆ. ಕಾಲು ಗಂಟೆ ಆಗಿರಬಹುದು."

"ಇಷ್ಟು ವರ್ಷ ಅವಳಿಗೂ ಗೊತ್ತಿರಲಿಲ್ವಾ?"

"ಇಲ್ಲಪ್ಪ."

"ಅವಳಿಗೆ ಕೊಡಿ."

ಅಕ್ಕ ಫೋನನ್ನು ಹಿಡಿದು ಹೊರಗೆ ನಡೆದಳು, ಕಾಗದದ ಸುರುಳಿಗಳು ಪೇರಿಸಿಟ್ಟ ಕಡೆಗೆ. ಏನು ಮಾತಾಡಿದರೋ ಅವನಿಗೆ ಕೇಳಿಸಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಸಲ ಅವಳು ಸುರುಳಿಗೆ ಹಣೆ ಆನಿಸಿದಳು. ವಾಪಸು ಬಂದಾಗ ಕಣ್ಣು ಊದಿತ್ತು, ಮುಖ ತೊಳೆದಂತಿತ್ತು.

"ತಗೊಳ್ಳಿ ಸಾರ್, ನಿಮ್ಮ ಫೋನು."

ಸಾರ್. ಅವನು ಅದನ್ನು ಕೇಳಿಸಿಕೊಂಡ.

ಹೊರಟವಳು ಬಾಗಿಲಲ್ಲಿ ನಿಂತಳು. "ಈಗ ನೀವು ನಂಗೊಬ್ಬಳಿಗೇ ಹೇಳಿದ್ರಿ. ರಿಪೋರ್ಟ್ ಓದಿದಾಗ ಎಲ್ಲರೂ ಕೂತಿದ್ರು."

ಮರುದಿನ ಅವನು ಮ್ಯಾನೇಜರನ ಮುಂದೆ ನಿಂತ. ಈ ಮ್ಯಾನೇಜರ್ ಬಂದು ಐದು ವರ್ಷ ಆಗಿತ್ತಷ್ಟೇ. ಕೇಳಿ ಮುಗಿಸಿ ಮೊದಲು ಎದ್ದು ಬಾಗಿಲು ಮುಂದೆ ಮಾಡಿದ. "ಅಲ್ಲ ಅಣ್ಣಾವ್ರೇ, ಆ ಫೈಲು ಮುಚ್ಚಿ ಯಾವ ಕಾಲ ಆಯ್ತು! ಆಗಿನ ಸಾಹೇಬರೇ ತೀರ್ಕೊಂಡಿದಾರೆ. ಈಗ ಅದನ್ನ ಕೆದಕಿದ್ರೆ ನಾನು ಯಾರಿಗೆ ಬರೀಲಿ, ಏನಂತ ಬರೀಲಿ?"

"ನನಗೆ ಏನು ಶಿಕ್ಷೆ ಕೊಡಬೇಕೋ ಕೊಡಿ ಸಾರ್."

"ಒಂಬತ್ತು ದಿನ ಇರೋರಿಗೆ ಏನು ಶಿಕ್ಷೆ ಕೊಡೋದ್ರೀ? ನೆಮ್ಮದಿಯಾಗಿ ಹೋಗಿ. ಬೆಳಿಗ್ಗೆ ಎದ್ದು ಒಂ‌ದಷ್ಟು ದೂರ ವಾಕಿಂಗ್ ಮಾಡಿ, ಮನಸ್ಸು ಹಗುರ ಆಗುತ್ತೆ."

ಬೇಡಿದರೂ ಶಿಕ್ಷೆ ಹುಟ್ಟಲಿಲ್ಲ. ಆ ಒಂಬತ್ತು ದಿನ ಅಕ್ಕ ಎದುರಿಗೆ ಸಿಕ್ಕರೆ ದಾರಿ ತಪ್ಪಿಸುತ್ತಿರಲಿಲ್ಲ, ಮುಖ ಸಿಂಡರಿಸುತ್ತಲೂ ಇರಲಿಲ್ಲ. "ನಮಸ್ಕಾರ ಸಾರ್" ಎಂದು ಹೋಗುತ್ತಿದ್ದಳು. ಅದರ ಬದಲು ಎರಡೇಟು ಹಾಕಿದ್ದರೆ ಅವನು ಸುಖವಾಗಿ ಉಂಡು ಮಲಗುತ್ತಿದ್ದ.

ಬೀಳ್ಕೊಡುಗೆ ಅದೇ ಕ್ಯಾಂಟೀನಿನಲ್ಲಿ. ಬಣ್ಣದ ಕಾಗದದಲ್ಲಿ ಸುತ್ತಿದ ಗೋಡೆ ಗಡಿಯಾರ ಕೊಟ್ಟರು. ಇನ್ನು ಮುಂದೆ ಹೊತ್ತು ನೋಡಬೇಕಾದ ಅಗತ್ಯವೇ ಇಲ್ಲದವನಿಗೆ ಯಾಕೆ ಗಡಿಯಾರ ಕೊಡುತ್ತಾರೋ, ಕೊಡುವವರಿಗೂ ಗೊತ್ತಿಲ್ಲ. ಮ್ಯಾನೇಜರ್ ಮಾತಾಡಿದ: "ಮೂವತ್ತೊಂದು ವರ್ಷ. ಇವರ ಕೈಯಲ್ಲಿ ಒಂದು ಸಣ್ಣ ತಪ್ಪು ನಡೆದಿದ್ದನ್ನ ಯಾರಾದ್ರೂ ನೋಡಿದೀರಾ?" ಹೇಳುತ್ತಿದ್ದಂತೆಯೇ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಗೆ ಬಂದಾಗಿತ್ತು. ಅಕ್ಕ ಮೂರನೇ ಸಾಲಿನಲ್ಲಿ ಕೂತಿದ್ದಳು.

"ಈಗ ಅವರೇ ಎರಡು ಮಾತು..."

ಪೆಂಡೆಂಟಪ್ಪ ಎದ್ದ. ಬಾಯಿಪಾಠ ಮಾಡಿಕೊಂಡು ಬಂದಿದ್ದೆಲ್ಲ ಹಾರಿಹೋಗಿತ್ತು. "ಯಾರೂ ನೋಡಿಲ್ಲ" ಅಂದ. "ಅದೇ ತಪ್ಪಾಗಿದ್ದು."

ಜನ ಇದು ತಮಾಷೆ ಎಂದುಕೊಂಡು ನಕ್ಕರು. ಅವನು ಹೇಳುತ್ತ ಹೋದ. ಹಿಂದಿನ ಸಾಲುಗಳಲ್ಲಿ ತಿಂಡಿಯ ಪೊಟ್ಟಣ ಬಿಚ್ಚುವ ಸದ್ದು ನಿಂತಿತು. "ಆ ರಿಪೋರ್ಟು ಸುಳ್ಳು. ಈ ತಂಗಿ..." ಎಂದು ಶುರು ಮಾಡಿದವನು ತಡೆದು, "ಈ ಅಮ್ಮ ಸರಿಯಾಗೇ ಒತ್ತಿದ್ರು. ಒತ್ತಿದ ಗುಂಡಿ ಒಳಗೇ ಇತ್ತು. ಮೇಲೆತ್ತಿ ಮುಚ್ಚಿಟ್ಟವನು ನಾನು" ಎಂದು ಮುಗಿಸಿ ಕೂತ. ಹಿಂದುಗಡೆ ನಿದ್ದೆ ತೂಗುತ್ತಿದ್ದ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ, ಒಬ್ಬನೇ ತಟ್ಟುತ್ತಿದ್ದೇನೆಂದು ಗೊತ್ತಾಗಿ ಕೈ ಕೆಳಗಿಟ್ಟ. ರೋಲರ್ ಮೇಸ್ತ್ರಿ ನೆಲ ನೋಡುತ್ತಿದ್ದ.

"ಎಲ್ಲರೂ ತಿಂಡಿ ತಗೊಳ್ಳಿ" ಅಂದ ಮ್ಯಾನೇಜರ್ ಗಡಿಬಿಡಿಯಲ್ಲಿ.

ಅಕ್ಕ ಎದ್ದು ನಿಂತಳು. "ಸಾರ್, ಇದನ್ನ ಬರ್ಕೊಳ್ತೀರಾ?"

"ನೋಡೋಣಮ್ಮ, ಆಮೇಲೆ..."

"ಆವತ್ತು ನೀವು ಇರಲಿಲ್ಲ ಸಾರ್. ಆವತ್ತು ಕೂತ್ಕೊಳ್ಳಿ ಅಂದ್ರು, ಕೂತ್ಕೊಂಡೆ. ಇವತ್ತು ಬರ್ಕೊಳ್ಳೋ ತನಕ ನಿಂತಿರ್ತೀನಿ."

ಅವಳ ಪಕ್ಕದವಳು ಎದ್ದು ನಿಂತಳು. ಅವಳ ಹಿಂದಿನವಳೂ. ಕೊನೆಗೆ ಮ್ಯಾನೇಜರನೇ ಕಾಗದ ತರಿಸಿದ. ಪೆಂಡೆಂಟಪ್ಪ ಎಲ್ಲರ ಎದುರಿಗೆ ಊಟದ ಮೇಜಿನ ಮೇಲೆ ಬರೆದು ಕೊಟ್ಟ. ಅಕ್ಕ ಓದಿದಳು, ಬೆರಳಿಟ್ಟು, ಸಾಲು ಸಾಲಾಗಿ. ಒಂದು ಕಡೆ ಬೆರಳು ನಿಂತಿತು.

"'ಮರೆತು ಕೊಕ್ಕೆಗೆ ಹಾಕಿದೆ' ಅಂತ ಬರ್ದಿದೀರ. ಮರೆತಿರಲಿಲ್ಲ ಅಲ್ವಾ? ಚಹಾ ಕುಡಿಯೋಕೆ ಹಾಕಿದ್ರಿ."

ಅವನು 'ಮರೆತು' ಅನ್ನುವುದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ. ಸಾಕ್ಷಿಯ ಜಾಗದಲ್ಲಿ ರೋಲರ್ ಮೇಸ್ತ್ರಿ ರುಜು ಹಾಕಿದ. ಹಾಕಿ, "ಅಕ್ಕಾ..." ಅಂದ. "ಆಯ್ತು ಬಿಡಪ್ಪ" ಅಂದಳು ಅವಳು. ಅದರ ಒಂದು ನಕಲು ಮಾಡಿಸಿ ನಾಲ್ಕು ಮಡಿಕೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಜನ ಚದುರಿದ ಮೇಲೆ ಅವನು ಗಡಿಯಾರ ಕಂಕುಳಲ್ಲಿ ಅವುಚಿಕೊಂಡು ಅವಳ ಹಿಂದೆ ಅಂಗಳಕ್ಕೆ ಬಂದ.

"ತಮ್ಮನ ಹತ್ರ ಹೋಗ್ತೀಯಾ?"

"ಭಾನುವಾರ."

"ನಾನೂ ಬರಲಾ? ಅವನ ಕಾಲಿಗೆ ಬೇಕಾದ್ರೂ..."

"ಬೇಡಿ." ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು. "ಆವತ್ತು ಫೋನಲ್ಲಿ ಅವನು ಮೊದಲು ಕೇಳಿದ್ದೇನು ಗೊತ್ತಾ? ಆ ಮನುಷ್ಯ ಅಳ್ತಿದಾನಾ ಅಂತ. ಇಲ್ಲ ಅಂದೆ."

ಈಗ ಅವನ ಗಲ್ಲ ನಡುಗತೊಡಗಿತ್ತು. ಅವಳಿಗೆ ಕಾಣಿಸಿತು. ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ಲಿ ಬೇಡಿ ಸಾರ್. ನನ್ನ ಮುಂದೆ ಅತ್ರೆ ನಾನು ಸಮಾಧಾನ ಮಾಡಬೇಕಾಗುತ್ತೆ. ನಂಗೆ ಆಗಲ್ಲ. ಮನೆಗೆ ಹೋಗಿ."

ಅವನು ತಲೆಯಾಡಿಸಿದ. ಗೇಟಿನಲ್ಲಿ ಕಾವಲುಗಾರ ತಡೆದು, ನಿಯಮ ಅಲ್ವಾ ಅಣ್ಣಾ ಎಂದು ಬಣ್ಣದ ಕಾಗದ ಬಿಚ್ಚಿಸಿ ಗಡಿಯಾರ ನೋಡಿದ. ಮತ್ತೆ ಮೊದಲಿನ ಹಾಗೆ ಸುತ್ತಲು ಇಬ್ಬರಿಗೂ ಬರಲಿಲ್ಲ. ಅರ್ಧಂಬರ್ಧ ಸುತ್ತಿದ್ದನ್ನು ಎದೆಗೆ ಒತ್ತಿಕೊಂಡು ಪೆಂಡೆಂಟಪ್ಪ ರಸ್ತೆಗಿಳಿದ. ಬಸ್ಸಿನಲ್ಲಿ ಪಕ್ಕದವನು ಯಾವ ಸ್ಟಾಪು ಎಂದು ಕೇಳಿದರೂ ಬಾಯಿ ತೆರೆಯಲಿಲ್ಲ, ಬೆರಳು ತೋರಿಸಿದ. ಮನೆಯ ಬಾಗಿಲವರೆಗೆ ಹಾಗೆಯೇ ಹಲ್ಲು ಕಚ್ಚಿ ಅಳು ಹಿಡಿದುಕೊಂಡು ಹೋದ.